ಕಡೀ ಶಬ್ದ

ಕರೆಂಟ್ ಮೂರಕ್ಕ ಹೋಗತೈತಿ ಅಂದಿದ್ದ
ಲೈನ್‌ಮನ್ ಕಲ್ಲೋಳೆಪ್ಪ,
ಎರಡು ಚಹಾ, ಒಂದು ಪ್ಲೇಟ್ ಮಿರ್ಚಿ ನನ್ನ ಲೆಕ್ಕದಾಗ ತಿಂದು,
ಎಣ್ಣಿ ಕೈ ಪ್ಯಾಂಟಿಗಿ ಒರಸಿ:
‘ಮಂಗಳವಾರ. ಮೂರರಿಂದ ಮೂರೂವರಿ. ಬರಕೋ.’

ಬರಕೊಂಡೆ, ಅಂಗೈ ಮ್ಯಾಲ.

ಬನಹಟ್ಟಿಯೊಳಗ ಅರ್ಧಾ ತಾಸು ಮೌನ
ರೊಕ್ಕಾ ಕೊಟ್ಟರೂ ಸಿಗೂದಿಲ್ಲ.
ನಮ್ಮ ಶೆಡ್ಡಿನ್ಯಾಗ ಇಪ್ಪತ್ನಾಲ್ಕು ಮಗ್ಗ,
ಕೂಗಿದ್ದು ಕಿವಿಗಿ ಮುಟ್ಟೂದಿಲ್ಲ;
ಕಣ್ಣೀಲೆ ಕೇಳತೇವಿ ನಾವು, ತುಟಿ ನೋಡಿ:
ಚಹಾ ಬಂತು, ಎಳಿ ಹರೀತು,
ಸಾವಕಾರ ಬಂದ.

ಅಂಥಾದ್ರಾಗ ನಾ ಹೇಳಬೇಕಾದದ್ದು
ಬರೇ ನಾಕು ಶಬ್ದ.

ಮೊದಲ ಹತ್ತೊಂಬತ್ತಿದ್ದೂ.
ಅದರಾಗ ಸೊಸೈಟಿ ಶೇರು ಇತ್ತು,
ಕುಡಿಯೂದಿಲ್ಲ ಅನ್ನೂದಿತ್ತು,
ನಲವತ್ತು ಇನ್ನೂ ತುಂಬಿಲ್ಲ ಅನ್ನೂದಿತ್ತು.
ಒಂದೊಂದ ಕಿತ್ತಿದೆ, ಅಂಚಿನ ಗಂಟು ಕಿತ್ತಂಗ.
ಉಳದದ್ದು,
‘ಸಾವಂತ್ರಿ, ನನ್ನ ಕೂಡ ಬಾಳತೀ?’

ಮಗ್ಗದ ಮುಂದ ನಿಂತ ರೂಢಿ ಮಾಡಿದೆ.
ಲಾಳಿ ಆಕಡೆ ಹೋದಾಗ ‘ಸಾವಂತ್ರಿ’,
ಈಕಡೆ ಬಂದಾಗ ‘ನನ್ನ ಕೂಡ’.
ಧೈರ್ಯ ಇತ್ತು: ಆ ಗದ್ದಲದಾಗ
ನನ್ನ ದನಿ ನನಗ ಕೇಳತಿದ್ದಿಲ್ಲ.

ಅಕಿ ಮೂಲ್ಯಾಗ ಕಂಡಿಕಿ ಸುತ್ತೂಕಿ.
ಇಚಲಕರಂಜಿಯಿಂದ ತಿರುಗಿ ಬಂದಾಕಿ,
ಒಂದು ಟ್ರಂಕು, ಒಂದು ಹುಡುಗಿ.
ಗಂಡ ಸತ್ತಾನೋ, ಬಿಟ್ಟಾನೋ,
ಊರು ಎರಡೂ ಹೇಳತೈತಿ. ನಾ ಕೇಳಿಲ್ಲ.
ಉಡಿಕಿ ಅಂದ್ರ ನಮ್ಮವ್ವ ಮುಖಾ ತಿರುವ್ಯಾಳು.
ತಿರುವಲಿ. ಮುಂದಿಂದು ಮುಂದ.

ಮಂಗಳವಾರ ಕಟಿಂಗ್ ಅಂಗಡಿ ಬಂದ್ ಅನ್ನೂದ ಮರತಿದ್ದೆ.
ಮನ್ಯಾಗ ಕೆರಕೊಂಡು, ಗದ್ದಕ್ಕ ಎರಡು ಗಾಯ,
ಪೇಪರ್ ಚೂರು ಹಚಗೊಂಡು ಬಂದೆ.

ಮೂರಾತು.
ಮೂರೂ ಐದಾತು.
ವರ್ಷಾನಗಟ್ಟಲೆ ಹೇಳದ ಕೇಳದ ಓಡಿ ಹೋಗೂ ಕರೆಂಟು
ಅವತ್ತ ಒಂದಿನ
ಪತಿವ್ರತಿ ಹಂಗ ನಿಂತಿತ್ತು ಮನಿಯೊಳಗ.

ಅಕಿ ಬಂದಳು, ಬುಟ್ಟಿ ಟೊಂಕದ ಮ್ಯಾಲ.
ಕಂಡಿಕಿ ಸುರುವಿದಳು. ಹೋಗಲಿಲ್ಲ.
ಗದ್ದದ ಪೇಪರ್ ನೋಡಿದಳು.
ಬಾಯಿ ತಗದೆ. ನಾಲಿಗಿ ಹತ್ತಿ ಉಂಡಿ.
‘ಸಾ’ ಅಂದೆ. ಮತ್ತ ‘ಸಾ’.
ಪೆಟಿಗಿ ಮುಂದ ಕುಂತ ಸಂಗೀತ ಮಾಸ್ತರ ಹಂಗ.

ಅಕಿ ತುಟಿ ಅಲಗಿದೂ,
ದನಿ ಇಲ್ಲದ, ಸಾವಕಾಶ:
‘ತಿಂಗಳಾತು ಓದಾಕತ್ತು.
ಕಡೀ ಶಬ್ದ ಯಾವಾಗಲೂ ನುಂಗತೀ ನೀ.
ಏನದು?’

ಹಿಂದಿನ ಮಗ್ಗದ ಗಿರಮಲ್ಲ
ಬಗ್ಗಿ ಏನೋ ಹುಡುಕಾಕತ್ತಿದ್ದ, ಹೆಗಲು ಕುಣೀತಿದ್ದೂ.
ಆಗ ತಿಳೀತು ನನಗ:
ನೇಯಾವರು ಹನ್ನೆರಡು ಮಂದಿ,
ಇಪ್ಪತ್ನಾಲ್ಕು ಕಣ್ಣು, ಒಂದು ತಿಂಗಳು,
ನಾ ದಿನಾ ಡಂಗುರ ಹೊಡದೇನಿ.

‘ಬಾಳತೀ’ ಅಂದೆ.
ಅಂದೆನೋ, ಬರೇ ಉಸಿರ ಬಿಟ್ಟೆನೋ.
ಹಾಸಿನ ಎಳಿ ಹರದು
ನನ್ನ ಮಗ್ಗ ಒಂದ ಗಪ್ ಆತು.

ಅಕಿ ಬಗ್ಗಿದಳು. ತುದಿ ಹುಡುಕಿ,
ಗಂಟ ಹಾಕಿ, ಹೆಚ್ಚಿಂದು ಹಲ್ಲೀಲೆ ಕಡದಳು.
ಕಡದ ದಾರ ತುಟಿಗಿ ಹತ್ತಿತ್ತು,
ಅದಕ್ಕ ಅಕಿ ಅಂದದ್ದ ಎರಡ ಸಲ ಓದಬೇಕಾತು:
‘ಸಂಪದಾನ್ನ ಕೇಳು.
ಎರಡನೆತ್ತಾ ಅದಾಳ. ತಿಳೀತೈತಿ ಅಕಿಗಿ.’

ಆವಾಗ ಹೋತು ಕರೆಂಟು. ಮೂರೂ ಇಪ್ಪತ್ತಕ್ಕ.
ಹೇಳೂದ ಮುಗದ ಮ್ಯಾಲ ಅಷ್ಟು ದೊಡ್ಡ ಮೌನ.
ಹೊರಗ ಯಾರದೋ ಆಡು ಒದರಿದ್ದು ಕೇಳತಿತ್ತು.
ಯಾರೂ ನನ್ನ ಕಡೆ ನೋಡಲಿಲ್ಲ.
ಎಲ್ಲಾರ ಮಗ್ಗದಾಗೂ ಒಮ್ಮೆಲೆ
ಎಳಿ ಹರದಿದ್ದೂ.

ಈಗ ಸಾಲಿ ಗೇಟಿನ ಮುಂದ ನಿಂತೇನಿ.
ಕೈಯಾಗ ಶೇಂಗಾ ಚಿಕ್ಕಿ, ಬಿಸಲಿಗಿ ಅಂಟಾಕತ್ತೈತಿ.
ಅಂಗೈ ಮ್ಯಾಲಿನ ‘ಮೂರು’ ಬೆವತು ಅಳಿಸೇತಿ.
ಮುಂದಿನ ಹಲ್ಲ ಬಿದ್ದ ಹುಡುಗಿಗಿ ಏನ ಅನ್ನಬೇಕೋ,
ಶಬ್ದ ಮತ್ತ ಹತ್ತೊಂಬತ್ತಾಗ್ಯಾವು.

ಈ ಸಲ ಮಾತ್ರ
ಬಾಯಿ ಮುಚಗೊಂಡ ರೂಢಿ ಮಾಡಾಕತ್ತೇನಿ.